ಹೊಗೆಗೂಡಿನ ಸುತ್ತ ಎದ್ದ ಮನೆಗಳು: ಅಮೆರಿಕದ ಆರಂಭದ ವಸಾಹತು ಮನೆಗಳನ್ನು ಓದುವ ಬಗೆ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಇಂಗ್ಲೆಂಡಿನ ಹಳೆಯ ಮರದ ಮನೆಗಳ ಬಗ್ಗೆ ಎರಡು ಕಥೆಗಳು ಯಾರ ಬಾಯಲ್ಲಾದರೂ ಸಿಗುತ್ತವೆ. ಮೇಲಂತಸ್ತು ಕೆಳಗಿನ ಗೋಡೆಗಿಂತ ಒಂದೆರಡು ಅಡಿ ಮುಂದಕ್ಕೆ ಚಾಚಿರುವುದು, ಮುತ್ತಿಗೆ ಹಾಕಿದ ಮೂಲನಿವಾಸಿಗಳ ಮೇಲೆ ಮೇಲಿನಿಂದ ಗುಂಡು ಹಾರಿಸಲು ಎಂಬುದು ಒಂದು. ಹಿಂಬದಿಯ ಮಾಡು ಕೈಗೆ ಎಟಕುವಷ್ಟು ಕೆಳಗಿಳಿದಿರುವುದು, ಎರಡಂತಸ್ತಿನ ಮನೆಗಳಿಗೆ ರಾಣಿ ಆನ್ ವಿಧಿಸಿದ ತೆರಿಗೆಯಿಂದ ಪಾರಾಗಲು ಎಂಬುದು ಇನ್ನೊಂದು. ಕೇಳಲು ಎರಡೂ ಸೊಗಸಾಗಿವೆ. ಎರಡೂ ನಿಜವಲ್ಲ.

ಚಾಚಿದ ಮೇಲಂತಸ್ತು ಇಂಗ್ಲೆಂಡಿನ ಎಸೆಕ್ಸ್, ಸಫೋಕ್ ಪ್ರಾಂತ್ಯಗಳ ಪೇಟೆಬೀದಿಗಳಲ್ಲಿ ಅದಕ್ಕಿಂತ ಎಷ್ಟೋ ತಲೆಮಾರು ಮೊದಲೇ ಇತ್ತು. ಅಲ್ಲಿಂದ ಹಡಗು ಹತ್ತಿದ ಬಡಗಿಗಳಿಗೆ ಚೆಂದದ ಮನೆಯೆಂದರೆ ಹಾಗೆಯೇ ಇರಬೇಕಿತ್ತು, ಹಾಗೆಯೇ ಕಟ್ಟಿದರು. ಇನ್ನು ರಾಣಿ ಆನ್ ಪಟ್ಟಕ್ಕೆ ಬಂದದ್ದು 1702ರಲ್ಲಿ. ಹಿಂಬದಿಗೆ ಇಳಿಮಾಡು ಸೇರಿಸುವ ರೂಢಿ ಅದಕ್ಕಿಂತ ದಶಕಗಳಷ್ಟು ಹಿಂದಿನದು. ಈ ಮನೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಸಂಗತಿ. ನಾವು ಯುದ್ಧ, ತೆರಿಗೆ ಎಂದು ಕಾರಣ ಹುಡುಕುವ ಕಡೆ ಇರುವುದು ಬರಿಯ ನೆನಪು, ಊರಿನ ರೂಢಿ. ನಾವು ಅಲಂಕಾರ ಎಂದುಕೊಂಡು ದಾಟಿಹೋಗುವ ಕಡೆ ಇರುವುದು ಚಳಿ, ಸುಣ್ಣದ ಕೊರತೆ, ಬೆಂಕಿಯ ಭಯ. ಯಾವುದು ನೆನಪು, ಯಾವುದು ಅಗತ್ಯ ಎಂದು ಬಿಡಿಸಿ ನೋಡಿದರೆ ಮನೆ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಒಂದು ಗೊಂದಲ ತೀರಲಿ. ಬಾಸ್ಟನ್ನಿನ ಆಸುಪಾಸಿನಲ್ಲಿ ಮನೆ ಹುಡುಕಿದ ಕನ್ನಡಿಗರಿಗೆ ಮಾರಾಟದ ಜಾಹೀರಾತುಗಳಲ್ಲಿ ‘ಕಲೋನಿಯಲ್’ ಎಂಬ ಪದ ಪರಿಚಿತ. ನಡುವೆ ಬಾಗಿಲು, ಎಡಕ್ಕೆ ಎರಡು ಕಿಟಕಿ, ಬಲಕ್ಕೆ ಎರಡು ಕಿಟಕಿ, ಅಳೆದು ಇಟ್ಟಂಥ ಮುಖ. ಅದು 18ನೇ ಶತಮಾನದ ಜಾರ್ಜಿಯನ್ ಶೈಲಿಯ ಮೊಮ್ಮಗು. ಇಲ್ಲಿ ಹೇಳುತ್ತಿರುವುದು ಅದಕ್ಕೂ ಹಿಂದಿನ ಮನೆಗಳ ಮಾತು: 1620ರಲ್ಲಿ ಪ್ಲಿಮತ್ತಿಗೆ, 1630ರಲ್ಲಿ ಬಾಸ್ಟನ್ನಿಗೆ ವಲಸಿಗರು ಬಂದಿಳಿದಂದಿನಿಂದ ಸುಮಾರು 1700ರವರೆಗಿನವು. ಇವುಗಳ ಮುಖದಲ್ಲಿ ಅಂಥ ಸಮತೋಲವಿಲ್ಲ. ಕಿಟಕಿಗಳು ಚಿಕ್ಕವು, ಮಾಡು ಕಡಿದಾದದ್ದು, ಬಣ್ಣ ಕಾಣದ ಹಲಗೆಗಳು ಮಳೆ ಬಿಸಿಲಿಗೆ ಕಪ್ಪಾದವು.

ಬಂದ ಮೊದಲ ದಿನಗಳಲ್ಲಿ ಮನೆ ಎನ್ನುವಂಥದ್ದೇನೂ ಇರಲಿಲ್ಲ. ಗುಡ್ಡದ ಬದಿ ಅಗೆದು ಮಾಡಿದ ಗುಂಡಿಗಳಲ್ಲಿ, ಮೂಲನಿವಾಸಿಗಳ ತೊಗಟೆ ಗುಡಿಸಲನ್ನು ನೋಡಿ ಕಟ್ಟಿಕೊಂಡ ಆಸರೆಗಳಲ್ಲಿ ಜನ ದಿನ ಕಳೆದರು. ಪ್ಲಿಮತ್ ಎದ್ದ ನೆಲ ಖಾಲಿ ನೆಲವೇನೂ ಆಗಿರಲಿಲ್ಲ. ಅದು ಪಟಕ್ಸೆಟ್ ಎಂಬ ವಾಂಪನೋಆಗ್ ಜನರ ಊರಾಗಿತ್ತು. 1616ರಿಂದ 1619ರ ನಡುವಿನ ಸಾಂಕ್ರಾಮಿಕದಲ್ಲಿ ಆ ಊರಿಗೆ ಊರೇ ಅಳಿದಿತ್ತು. ಅವರು ಹಸನು ಮಾಡಿದ ಹೊಲಗಳ ಮೇಲೆಯೇ ಇಂಗ್ಲಿಷರ ಮನೆಗಳು ನಿಂತವು. ಈ ಮನೆಗಳ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಬಾರದು.

ಇನ್ನು ಮನೆಯೊಳಕ್ಕೆ ಹೋಗೋಣ. ನ್ಯೂ ಇಂಗ್ಲೆಂಡಿನ ಮನೆಯನ್ನು ಬಾಗಿಲಿನಿಂದಲ್ಲ, ಹೊಗೆಗೂಡಿನಿಂದ ಓದಬೇಕು. ಮನೆಯ ನಟ್ಟನಡುವೆ ಇಟ್ಟಿಗೆ ಅಥವಾ ಕಲ್ಲಿನ ಒಂದು ಭಾರೀ ಗುಡ್ಡೆ. ಅದರ ಬುಡವೇ ಒಂದು ಸಣ್ಣ ಕೋಣೆಯಷ್ಟು ಜಾಗ ನುಂಗುತ್ತದೆ. ಅದರ ಎರಡು ಮಗ್ಗುಲಲ್ಲಿ ಎರಡು ಕೋಣೆ, ಎರಡಕ್ಕೂ ಬೆನ್ನಿಗೆ ಬೆನ್ನು ಕೊಟ್ಟ ಅಗ್ಗಿಷ್ಟಿಕೆಗಳು. ಮೇಲೆಯೂ ಅದೇ ಎರಡು ಕೋಣೆ. ಮುಂಬಾಗಿಲು ತೆರೆದರೆ ಎದುರಿಗೆ ಅಂಗಳವಾಗಲಿ ಪಡಸಾಲೆಯಾಗಲಿ ಇಲ್ಲ. ನಾಲ್ಕು ಹೆಜ್ಜೆಯಷ್ಟು ಇಕ್ಕಟ್ಟಿನ ಜಾಗ, ಅದರಾಚೆ ಹೊಗೆಗೂಡಿನ ಬೆನ್ನು, ಅದಕ್ಕೆ ಒರಗಿಕೊಂಡು ತಿರುಗುತ್ತ ಮೇಲೇರುವ ಕಡಿದಾದ ಮೆಟ್ಟಿಲು. ಎಡಕ್ಕೆ ತಿರುಗಿದರೆ ಒಂದು ಕೋಣೆ, ಬಲಕ್ಕೆ ತಿರುಗಿದರೆ ಇನ್ನೊಂದು.

ನಡುಮನೆಯಲ್ಲಿ ಹೊಗೆಗೂಡು ಇಡುವುದು ಇಂಗ್ಲೆಂಡಿನಲ್ಲಿಯೂ ಇದ್ದ ಪದ್ಧತಿ. ಇಲ್ಲಿಯ ಚಳಿಗಾಲದಲ್ಲಿ ಅದು ಪದ್ಧತಿಯಾಗಿ ಉಳಿಯದೆ ಜೀವ ಉಳಿಸುವ ಉಪಾಯವಾಯಿತು. ಹಗಲೆಲ್ಲ ಕಾದ ಇಟ್ಟಿಗೆಯ ರಾಶಿ ಹೊರಗಿನ ಗಾಳಿಗೆ ಮೈ ಒಡ್ಡದೆ, ರಾತ್ರಿಯಿಡೀ ಒಳಗಿನ ಕೋಣೆಗಳಿಗೇ ತನ್ನ ಬಿಸುಪನ್ನು ಬಿಟ್ಟುಕೊಡುತ್ತದೆ. ಹಾಗೆಂದು ಮನೆ ಬೆಚ್ಚಗಿತ್ತು ಎಂದುಕೊಳ್ಳಬಾರದು. ಅಗಲವಾದ ಅಗ್ಗಿಷ್ಟಿಕೆಯ ಬೆಂಕಿ ಮುಂದೆ ಕುಳಿತವರ ಮುಖ ಸುಡುತ್ತಿತ್ತು, ಬೆನ್ನು ಮರಗಟ್ಟುತ್ತಿತ್ತು, ಏಕೆಂದರೆ ಬಿಸಿಯ ಬಹುಪಾಲು ಹೊಗೆಯ ಜೊತೆ ಮೇಲೆ ಹಾರಿಹೋಗುತ್ತಿತ್ತು. ಒಂದು ಸಂಸಾರ ವರ್ಷಕ್ಕೆ 30ರಿಂದ 40 ಕಾರ್ಡ್ ಸೌದೆ ಸುಡುತ್ತಿತ್ತು ಎಂದು ಇತಿಹಾಸಕಾರರು ಅಂದಾಜಿಸಿದ್ದಾರೆ. ಒಂದು ಕಾರ್ಡ್ ಎಂದರೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಿಲು. ಊರ ಸುತ್ತಣ ಕಾಡು ಎಲ್ಲಿ ಹೋಯಿತು ಎಂದು ಬೇರೆ ಕೇಳಬೇಕಾಗಿಲ್ಲ.

ಎರಡು ಕೋಣೆಗಳಲ್ಲಿ ಒಂದಕ್ಕೆ ‘ಹಾಲ್’ ಎಂದು ಹೆಸರು, ಇನ್ನೊಂದಕ್ಕೆ ‘ಪಾರ್ಲರ್’. ಹಾಲ್ ಎಂದರೆ ಇಂದಿನ ಹಜಾರವಲ್ಲ. ಅಡುಗೆ, ಊಟ, ನೂಲುವುದು, ಮೇಣದಬತ್ತಿ ಎರೆಯುವುದು, ಮಕ್ಕಳ ಆಟ, ಅನೇಕ ಸಲ ನಿದ್ದೆ ಕೂಡ ಅಲ್ಲಿಯೇ. ಪಾರ್ಲರಿನಲ್ಲಿ ಮನೆಯ ಅತ್ಯುತ್ತಮ ವಸ್ತುಗಳು ಇರುತ್ತಿದ್ದವು, ಮತ್ತು ಅವುಗಳಲ್ಲಿ ಅತಿ ಬೆಲೆಯದು ಮನೆಯ ಯಜಮಾನ ದಂಪತಿಯ ಹಾಸಿಗೆ. ಬಂದ ಅತಿಥಿಯನ್ನು ಕೂರಿಸುವ ಕೋಣೆಯಲ್ಲಿಯೇ ಮಂಚವೇ ಎಂದು ನಮಗೆ ಅಚ್ಚರಿಯಾಗಬಹುದು. ಪರದೆ ಕಟ್ಟಿದ ಮಂಚ, ಗರಿಯ ಹಾಸಿಗೆ ಅಂದಿನ ಸಂಪತ್ತು. ಅದನ್ನು ಮುಚ್ಚಿಡುವುದಕ್ಕಿಂತ ತೋರಿಸುವುದೇ ಮರ್ಯಾದೆ. ಇದು ಊಹೆಯ ಮಾತಲ್ಲ. ಯಜಮಾನ ಸತ್ತಾಗ ನೆರೆಯವರು ಕೋಣೆಯಿಂದ ಕೋಣೆಗೆ ನಡೆದು ಚಮಚ, ಬಾಣಲೆ, ಹೊದಿಕೆಗಳವರೆಗೆ ಬರೆದಿಟ್ಟ ಆಸ್ತಿಪಟ್ಟಿಗಳು ಇಂದಿಗೂ ಉಳಿದಿವೆ.

ಈಗ ತಲೆಯೆತ್ತಿ ನೋಡಬೇಕು. ಚಾವಣಿ ತಗ್ಗು. ಅದರ ನಡುವೆ, ಹೊಗೆಗೂಡಿನಿಂದ ಹೊರಗೋಡೆಯವರೆಗೆ, ಅಡಿಗೂ ಮೀರಿದ ದಪ್ಪದ ಒಂದು ಓಕ್ ತೊಲೆ ಹಾದುಹೋಗುತ್ತದೆ. ಇದಕ್ಕೆ ‘ಸಮ್ಮರ್ ಬೀಮ್’ ಎನ್ನುತ್ತಾರೆ. ಬೇಸಗೆಗೂ ಇದಕ್ಕೂ ಸಂಬಂಧವಿಲ್ಲ. ಹೊರೆ ಹೊರುವ ಕುದುರೆಯನ್ನು ಹೇಳುವ ಹಳೆಯ ಫ್ರೆಂಚ್ ಪದದಿಂದ ಬಂದ ಹೆಸರು ಅದು. ಮೇಲಂತಸ್ತಿನ ಜಂತೆಗಳೆಲ್ಲ ಎರಡೂ ಕಡೆಯಿಂದ ಬಂದು ಇದರ ಮೈಯಲ್ಲಿ ಸೇರುತ್ತವೆ, ಹೊರೆಯನ್ನೆಲ್ಲ ಇದೇ ಹೊರುತ್ತದೆ.

ಈ ತೊಲೆಯ ಕೆಳ ಅಂಚಿನ ಮೇಲೆ ಬೆರಳು ಓಡಿಸಿ ನೋಡಬೇಕು. ಅಂಚು ಚೂಪಾಗಿಲ್ಲ. ಬಡಗಿ ಅದನ್ನು ಓರೆಯಾಗಿ ಕೆತ್ತಿ ಮೆದುಗೊಳಿಸಿದ್ದಾನೆ. ಆ ಓರೆ ಗೋಡೆಯವರೆಗೆ ಹೋಗುವುದಿಲ್ಲ. ಗೋಡೆಗೆ ಕೆಲವು ಅಂಗುಲ ಮೊದಲೇ, ಕುರಿಮರಿಯ ನಾಲಿಗೆಯ ಹಾಗೆ ಬಾಗಿ, ಸಣ್ಣ ತಿರುವು ಪಡೆದು ನಿಲ್ಲುತ್ತದೆ, ಅಲ್ಲಿಂದಾಚೆ ತೊಲೆ ಮತ್ತೆ ಚೌಕ. ತೊಲೆ ಕಂಬದೊಳಕ್ಕೆ ಕೂರುವ ತುದಿ ಪೂರ್ತಿ ದಪ್ಪವಿರಬೇಕು, ಸಂದಿಗೆ ಬಲ ಬೇಕು. ಉಳಿದ ಕಡೆ ಕಣ್ಣಿಗೆ ಇಂಪು ಬೇಕು. ಎರಡನ್ನೂ ಅರಿತವನು ಮಾತ್ರ ಹಾಗೆ ನಿಲ್ಲಿಸಬಲ್ಲ. ಬಣ್ಣ, ಚಿತ್ರ, ಕಾಗದ ಯಾವುದೂ ಇಲ್ಲದ ಆ ಕೋಣೆಯಲ್ಲಿ ಇಡೀ ಸೌಂದರ್ಯ ಆ ಒಂದು ಗೇಣಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಚೌಕಟ್ಟಿನ ಕೆಲಸವೇ ಈ ಮನೆಗಳ ಜೀವಾಳ. ಗೋಡೆ ಭಾರ ಹೊರುವುದಿಲ್ಲ, ಕಂಬ ತೊಲೆಗಳ ಅಸ್ಥಿಪಂಜರ ಹೊರುತ್ತದೆ. ಒಂದು ತುಂಡಿನ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಕುಳಿ, ಎರಡನ್ನೂ ಹಿಡಿದಿಡಲು ಮರದ ಗೂಟ. ಇದರೊಳಗೆ ಒಂದು ಜಾಣ್ಮೆಯಿದೆ. ಕುಳಿಯ ಗೋಡೆಯಲ್ಲಿ ಬೈರಿಗೆಯಿಂದ ಕೊರೆದ ತೂತು, ನಾಲಿಗೆಯಲ್ಲಿ ಕೊರೆದ ತೂತು ಒಂದರೆದುರು ಒಂದು ಸರಿಯಾಗಿ ಬರುವುದಿಲ್ಲ. ನಾಲಿಗೆಯ ತೂತನ್ನು ಬೇಕೆಂದೇ ಒಂದೆಳೆಯಷ್ಟು ಅದರ ಬುಡದ ಕಡೆಗೆ ಸರಿಸಿ ಕೊರೆದಿರುತ್ತಾರೆ. ಗೂಟ ಬಡಿದಂತೆ ಅದು ವಾರೆಯಾಗಿ ನುಗ್ಗುತ್ತ ನಾಲಿಗೆಯನ್ನು ಕುಳಿಯೊಳಕ್ಕೆ ಎಳೆದು ಬಿಗಿಯುತ್ತದೆ. ತೊಲೆಗಳು ಆಗತಾನೆ ಕಡಿದ ಹಸಿ ಓಕ್, ಗೂಟಗಳು ಒಣಗಿದವು. ವರ್ಷಗಳು ಕಳೆದಂತೆ ಹಸಿಮರ ಒಣಗಿ ಕುಗ್ಗಿ ಗೂಟವನ್ನು ಇನ್ನಷ್ಟು ಅವುಚಿ ಹಿಡಿಯುತ್ತದೆ. ಕಟ್ಟಿದ ದಿನಕ್ಕಿಂತ ಹತ್ತು ವರ್ಷದ ನಂತರ ಮನೆ ಹೆಚ್ಚು ಗಟ್ಟಿ.

ಕಂಬಗಳದ್ದು ಇನ್ನೊಂದು ವಿಶೇಷ. ಮೂಲೆಯ ಕಂಬ ಬುಡದಲ್ಲಿ ಸಪೂರ, ತಲೆಯಲ್ಲಿ ದಪ್ಪ, ತಲೆಕೆಳಗಾಗಿ ಹಿಡಿದ ಬಂದೂಕಿನ ಹಿಡಿಯ ಹಾಗೆ. ಕಂಬದ ತಲೆಯಲ್ಲಿ ಗೋಡೆಯುದ್ದದ ತೊಲೆ, ಮನೆಯಗಲದ ಅಡ್ಡತೊಲೆ ಎರಡೂ ಬಂದು ಕೂರಬೇಕು, ಅದರ ಮೇಲೆ ಪಕಾಸಿಯ ಕಾಲೂ ಬರುತ್ತದೆ. ಅಷ್ಟೆಲ್ಲ ನಾಲಿಗೆಗಳನ್ನು ಒಂದೇ ತಲೆಯಲ್ಲಿ ಕೊರೆಯಬೇಕಾದರೆ ಮರ ಸೀಳದಷ್ಟು ಮೈ ಬೇಕು. ಆ ಮೈಯೇ ಆ ದಪ್ಪ.

ತುಂಡುಗಳನ್ನೆಲ್ಲ ನೆಲದ ಮೇಲೆಯೇ ಕೆತ್ತಿ, ಜೋಡಿಸಿ ನೋಡಿ, ಯಾವ ನಾಲಿಗೆ ಯಾವ ಕುಳಿಗೆ ಎಂದು ತಿಳಿಯಲು ಉಳಿಯಿಂದ ರೋಮನ್ ಅಂಕಿಗಳನ್ನು ಗೀರಿ, ಮತ್ತೆ ಬಿಡಿಸಿ, ಒಂದು ದಿನ ಊರವರನ್ನೆಲ್ಲ ಕರೆದು ಎತ್ತಿ ನಿಲ್ಲಿಸುತ್ತಿದ್ದರು. ನೇರ ಗೆರೆಗಳ ರೋಮನ್ ಅಂಕಿ ಉಳಿಗೆ ಸುಲಭ, ಅಕ್ಷರ ಬಾರದವನಿಗೂ ಓದಲು ಬರುತ್ತದೆ. ಮ್ಯಾಸಚೂಸೆಟ್ಸ್‌ನ ಟಾಪ್ಸ್‌ಫೀಲ್ಡಿನಲ್ಲಿ ಪಾದ್ರಿ ಜೋಸೆಫ್ ಕೇಪನ್ ಅವರ ಮನೆಯ ತೊಲೆಯಲ್ಲಿ 1683ರ ಜೂನ್ 8 ಎಂದು ಕೊರೆದಿದೆ. ಈ ಕಾಲದ ಮನೆ ಹೇಗಿತ್ತು ಎಂದು ಕೇಳಿದವರಿಗೆ ನಾನು ಮೊದಲು ಹೇಳುವ ಹೆಸರು ಅದು. ಚಾಚಿದ ಮೇಲಂತಸ್ತು, ಅದರ ಅಡಿಯಲ್ಲಿ ಇಳಿಬಿದ್ದ ಕೆತ್ತನೆಯ ಮರದ ಗೊಂಚಲು, ನಡುವಿನ ಹೊಗೆಗೂಡು ಎಲ್ಲವೂ ಅಲ್ಲಿವೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. 1913ರಲ್ಲಿ ಜಾರ್ಜ್ ಫ್ರಾನ್ಸಿಸ್ ಡೌ ಅದನ್ನು ಜೀರ್ಣೋದ್ಧಾರ ಮಾಡಿದರು. ಸೇಲಂ, ಬಾಸ್ಟನ್ನಿನ ಹಳೆಯ ಮನೆಗಳಲ್ಲಿಯೂ ಅದೇ ಕಾಲದಲ್ಲಿ ಇಂಥ ಕೆಲಸಗಳು ನಡೆದವು. ಇಂದು ನಾವು ನೋಡಿ ಮೆಚ್ಚುವ ವಜ್ರಾಕಾರದ ಕಿಟಕಿಗಳಲ್ಲಿ ಅನೇಕವು ನೂರು ವರ್ಷದ ಹಿಂದೆ ಮತ್ತೆ ಕೂರಿಸಿದವು.

ಕಿಟಕಿಗಳು ಚಿಕ್ಕದಿರಲು ಚಳಿಯಷ್ಟೇ ಕಾರಣವಲ್ಲ. ಗಾಜು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು. ದೊಡ್ಡ ಹಾಳೆ ಮಾಡುವುದು ಕಷ್ಟ, ಸಾಗಿಸುವುದು ಇನ್ನೂ ಕಷ್ಟ. ಅಂಗೈಯಗಲದ ತುಂಡುಗಳನ್ನು ಸೀಸದ ಪಟ್ಟಿಗಳಲ್ಲಿ ಹೆಣೆದು, ಬಾಗಿಲಿನ ಹಾಗೆ ಹೊರಕ್ಕೆ ತೆರೆಯುವ ಚೌಕಟ್ಟಿಗೆ ಕೂರಿಸುತ್ತಿದ್ದರು. ಬಡವರಿಗೆ ಅದೂ ಇಲ್ಲ. 1621ರಲ್ಲಿ ಪ್ಲಿಮತ್ತಿನಿಂದ ಎಡ್ವರ್ಡ್ ವಿನ್ಸ್ಲೋ ಇಂಗ್ಲೆಂಡಿಗೆ ಬರೆದ ಪತ್ರದಲ್ಲಿ, ಬರುವವರು ಕಿಟಕಿಗಳಿಗೆಂದು ಕಾಗದವನ್ನೂ ಅಗಸೆ ಎಣ್ಣೆಯನ್ನೂ ತರಬೇಕೆಂದು ಸೂಚಿಸಿದ್ದಾರೆ. ಎಣ್ಣೆ ಕುಡಿದ ಕಾಗದ ಬೆಳಕನ್ನು ಒಳಗೆ ಬಿಡುತ್ತದೆ, ಹೊರಗಿನ ನೋಟವನ್ನು ಬಿಡುವುದಿಲ್ಲ. ಆ ಮಂಕು ಬೆಳಕಿನಲ್ಲಿ ಒಂದು ಇಡೀ ಚಳಿಗಾಲವನ್ನು ಕಳೆದವರನ್ನು ನೆನೆದರೆ ಆ ಪತ್ರದ ಸಾಲು ಬೇರೆಯೇ ತೂಕ ಪಡೆಯುತ್ತದೆ.

ಹೊರಗೋಡೆಗೆ ಬಂದರೆ, ಇಂಗ್ಲೆಂಡಿನಲ್ಲಿ ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿ, ಮೇಲೆ ಸುಣ್ಣದ ಗಾರೆ ಬಳಿಯುತ್ತಿದ್ದರು, ಮರದ ಚೌಕಟ್ಟು ಹೊರಗೆ ಕಾಣುವಂತೆಯೇ ಬಿಡುವುದೂ ಉಂಟು. ಇಲ್ಲಿಯೂ ಕಂಬಗಳ ನಡುವೆ ಮಣ್ಣು, ಹಸಿ ಇಟ್ಟಿಗೆ ತುಂಬಿದರು. ಆದರೆ ಮಳೆ ನೀರು ಇಂಗಿ, ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಮಣ್ಣು ಉದುರತೊಡಗಿತು. ಕಾಪಾಡಲು ಬೇಕಾದ ಸುಣ್ಣ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ದುರ್ಲಭ. ಕಡಲ ಚಿಪ್ಪು ಸುಟ್ಟು ಅಷ್ಟಿಷ್ಟು ಸುಣ್ಣ ಮಾಡಿಕೊಂಡು, ಅದನ್ನೂ ಲೆಕ್ಕ ಹಾಕಿ ಬಳಸುತ್ತಿದ್ದರು. ಹೊಗೆಗೂಡಿನ ಇಟ್ಟಿಗೆಗಳನ್ನು ಒಳಗೆ ಬರಿಯ ಜೇಡಿಮಣ್ಣಿನಲ್ಲಿ ಕೂರಿಸಿ, ಮಾಡಿನಿಂದ ಮೇಲೆ ಮಳೆಗೆ ಸಿಗುವ ಭಾಗಕ್ಕೆ ಮಾತ್ರ ಸುಣ್ಣದ ಗಾರೆ ಹಾಕುವುದಿತ್ತು. ಗೋಡೆಗೆ ಅವರು ಕಂಡ ಉತ್ತರ ಮರ. ಓಕ್ ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ, ಎಳೆಯ ಜಾಡು ಹಿಡಿದು ಸೀಳಿ ತೆಗೆದ ತೆಳು ಹಲಗೆಗಳನ್ನು ಒಂದರ ಮೇಲೊಂದು ಮೀನಿನ ಹುರುಪೆಯಂತೆ ಹೊಡೆದರು. ಇದೇ ‘ಕ್ಲ್ಯಾಪ್‌ಬೋರ್ಡ್’. ಸೀಳಿದ ಹಲಗೆಯಲ್ಲಿ ಮರದ ಎಳೆ ತುಂಡಾಗುವುದಿಲ್ಲ, ಹಾಗಾಗಿ ನೀರು ಬೇಗ ಒಳಗಿಳಿಯುವುದಿಲ್ಲ. ಇಂದು ಪ್ಲಾಸ್ಟಿಕ್ಕಿನಲ್ಲಿ ಅದೇ ಆಕಾರವನ್ನು ಅಚ್ಚೊತ್ತಿ ಅಮೆರಿಕದ ಬಡಾವಣೆಗಳ ಗೋಡೆಗಳಿಗೆ ಹೊದಿಸುತ್ತಾರೆ.

ಮಾಡಿನ ಕಥೆ ಇದಕ್ಕೆ ವಿರುದ್ಧ. ಅಲ್ಲಿ ಅಗತ್ಯ ಹೋಯಿತು, ನೆನಪು ಉಳಿಯಿತು. ಹುಲ್ಲಿನ ಮಾಡು ಕಡಿದಾಗಿಯೇ ಇರಬೇಕು, ಇಲ್ಲವಾದರೆ ನೀರು ಜಾರದೆ ಹುಲ್ಲು ಕೊಳೆಯುತ್ತದೆ. ಆರಂಭದ ಮನೆಗಳಿಗೆ ಹುಲ್ಲೇ ಹೊದಿಕೆ, ಹೊಗೆಗೂಡು ಕೂಡ ಮರದ ಕಡ್ಡಿಗೆ ಮಣ್ಣು ಮೆತ್ತಿದ್ದು. ಎರಡೂ ಸೇರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. 1623ರಲ್ಲಿ ಪ್ಲಿಮತ್ತಿನಲ್ಲಿ ಬೆಂಕಿ ಬಿದ್ದಿತು, 1627ರಲ್ಲಿ ಆ ಊರು ಹೊಸ ಮನೆಗಳಿಗೆ ಹುಲ್ಲು ಹೊದಿಸಬಾರದೆಂದು ಕಟ್ಟು ಮಾಡಿತು. 1631ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಮುಖಂಡ ಥಾಮಸ್ ಡಡ್ಲಿ, ತಾವು ಕಟ್ಟಲಿದ್ದ ಹೊಸ ಊರಿನಲ್ಲಿ ಯಾರೂ ಮರದ ಹೊಗೆಗೂಡು ಕಟ್ಟಬಾರದು, ಹುಲ್ಲು ಹೊದಿಸಬಾರದು ಎಂದು ಆಜ್ಞೆಯಾಗಿದೆ ಎಂದು ಬರೆದರು. ಆ ಊರೇ ಇಂದಿನ ಕೇಂಬ್ರಿಜ್. ಹುಲ್ಲು ಹೋಗಿ ಮರದ ಬಿಲ್ಲೆಗಳು ಬಂದವು. ಬಿಲ್ಲೆಗೆ ಅಷ್ಟು ಕಡಿದಾದ ಮಾಡು ಬೇಕಾಗಿರಲಿಲ್ಲ. ಆದರೂ ಬಡಗಿಯ ಕೈ ತನಗೆ ಗೊತ್ತಿದ್ದ ಕೋನದಲ್ಲಿಯೇ ಪಕಾಸಿ ಕೆತ್ತುತ್ತ ಹೋಯಿತು.

ಹಿಂದಿನ ಇಳಿಮಾಡಿಗೆ ಮರಳೋಣ. ಸಂಸಾರ ಬೆಳೆದಾಗ ಮನೆಯ ಬೆನ್ನಿಗೆ ಒಂದು ಸಾಲು ಕೋಣೆ ಸೇರಿಸಿ, ಮೇಲಿನ ಮಾಡನ್ನೇ ಕೆಳಗಿನವರೆಗೆ ಎಳೆದುಬಿಡುವುದು ಅತಿ ಸುಲಭದ ವಿಸ್ತರಣೆ. ಹೊಗೆಗೂಡು ಹೇಗೂ ನಡುವೆ ಇದೆ, ಅದರ ಬೆನ್ನಿಗೆ ಇನ್ನೊಂದು ಅಗ್ಗಿಷ್ಟಿಕೆ ತೆರೆದರೆ ಅಡುಗೆಮನೆ ಸಿದ್ಧ. ತಣ್ಣನೆಯ ಮೂಲೆಯಲ್ಲಿ ಹಾಲು ಬೆಣ್ಣೆಯ ಕೋಣೆ. ಮುಂದೆ ಮೊದಲ ದಿನದಿಂದಲೇ ಹಾಗೆ ಕಟ್ಟತೊಡಗಿದರು. ಅಡುಗೆಮನೆಯ ಗೋಡೆಗೆ ತೂಗುಹಾಕುತ್ತಿದ್ದ ಓರೆ ಮುಚ್ಚಳದ ಉಪ್ಪಿನ ಪೆಟ್ಟಿಗೆಯನ್ನು ಹೋಲುವುದರಿಂದ ‘ಸಾಲ್ಟ್‌ಬಾಕ್ಸ್’ ಎಂಬ ಹೆಸರು ಬಂತು. ಮುಖ ದಕ್ಷಿಣದ ಬಿಸಿಲಿಗೆ, ಇಳಿದ ಬೆನ್ನು ಬಡಗಣ ಗಾಳಿಗೆ ತಿರುಗಿರುವ ಇಂಥ ಮನೆಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ.

ಇದೆಲ್ಲ ಹೆಚ್ಚಾಗಿ ಮ್ಯಾಸಚೂಸೆಟ್ಸ್ ಕಡೆಯ ಮಾತಾಯಿತು. ಪಕ್ಕದ ರೋಡ್ ಐಲೆಂಡಿನಲ್ಲಿ ಸುಣ್ಣದ ಕಲ್ಲು ಸಿಕ್ಕಿದ್ದೇ ತಡ, ಮನೆಯ ಒಂದು ತುದಿಯ ಇಡೀ ಗೋಡೆಯನ್ನೇ ಕಲ್ಲಿನ ಹೊಗೆಗೂಡಾಗಿ ಕಟ್ಟಿದರು. ಲಿಂಕನ್ನಿನಲ್ಲಿರುವ 1693ರ ಆರ್ನಾಲ್ಡ್ ಮನೆ ಅದಕ್ಕೆ ಸಾಕ್ಷಿ. ಹಡ್ಸನ್ ಕಣಿವೆಯ ಡಚ್ಚರ ಅಗ್ಗಿಷ್ಟಿಕೆಗಳಿಗೆ ಪಕ್ಕದ ಗೋಡೆಗಳೇ ಇರಲಿಲ್ಲ. ಹಿಂಗೋಡೆಗೆ ಒರಗಿ ಉರಿಯುವ ಬೆಂಕಿ, ಮೇಲೆ ತೂಗುವ ಹೊಗೆಯ ಕೊಡೆ. ನ್ಯೂಯಾರ್ಕಿನವರು ಮನೆಮುಂದಿನ ಮೆಟ್ಟಿಲಿಗೆ ಇಂದಿಗೂ ಹೇಳುವ ‘ಸ್ಟೂಪ್’ ಎಂಬ ಮಾತು ಈ ಡಚ್ಚರದೇ. ದಿಮ್ಮಿ ಮೇಲೆ ದಿಮ್ಮಿ ಪೇರಿಸಿದ ಮನೆಯನ್ನು ಮೊದಲ ಇಂಗ್ಲಿಷ್ ವಲಸಿಗರ ಚಿತ್ರಗಳಲ್ಲಿ ಬರೆಯುವುದುಂಟು. ಅವರಿಗೆ ಆ ವಿದ್ಯೆಯೇ ತಿಳಿದಿರಲಿಲ್ಲ. 1638ರಲ್ಲಿ ಡೆಲವೇರ್ ನದಿಯ ಬಳಿ ವಸಾಹತು ಹೂಡಿದ ಸ್ವೀಡಿಷರು ಮತ್ತು ಫಿನ್ನರು ಅದನ್ನು ತಂದವರು.

ವರ್ಜೀನಿಯಾ, ಮೇರಿಲ್ಯಾಂಡುಗಳಲ್ಲಿ ಸೆಖೆ. ಅಲ್ಲಿ ಹೊಗೆಗೂಡು ಮನೆಯ ನಡುವಿನಿಂದ ಹೊರಗೋಡೆಗೆ ಸರಿಯಿತು, ಕಾಲಕ್ರಮದಲ್ಲಿ ಅಡುಗೆಮನೆಯೇ ಬೇರೆ ಕಟ್ಟಡವಾಯಿತು. ಆ ಬೇರೆ ಕಟ್ಟಡದಲ್ಲಿ ಬೇಯುತ್ತಿದ್ದವರು ಹೆಚ್ಚು ಹೆಚ್ಚಾಗಿ ಗುಲಾಮರು ಎಂಬುದನ್ನೂ ಆ ನಕ್ಷೆ ಹೇಳುತ್ತದೆ. ತಂಬಾಕು ಹೊಲ ಬರಡಾದರೆ ಬಿಟ್ಟು ಮುಂದೆ ಹೋಗುವವರಿಗೆ ಗಟ್ಟಿ ಅಡಿಪಾಯ ಬೇಡ. ಕಂಬಗಳನ್ನು ನೇರ ನೆಲದಲ್ಲಿ ಹೂತು ಕಟ್ಟಿದ ಆ ಮನೆಗಳು ಗೆದ್ದಲಿಗೂ ಒದ್ದೆಗೂ ಬಲಿಯಾದವು. 17ನೇ ಶತಮಾನದ ಮನೆಗಳಲ್ಲಿ ಅಲ್ಲಿ ನಿಂತಿರುವುದು ಬಹುಪಾಲು ಇಟ್ಟಿಗೆಯವೇ. ಸರ್ರಿ ಕೌಂಟಿಯ ಬೇಕನ್ಸ್ ಕ್ಯಾಸಲ್, 1665ರದು, ಬಾಗು ಬಳುಕಿನ ತ್ರಿಕೋನ ಗೋಡೆಗಳೊಡನೆ ಇನ್ನೂ ಇದೆ. ಉಳಿದ ಮನೆಗಳ ಬಗ್ಗೆ ಒಂದು ಕಾನೂನು ಹೆಚ್ಚು ಹೇಳುತ್ತದೆ. 1640ರ ದಶಕದಲ್ಲಿ ವರ್ಜೀನಿಯಾದ ಶಾಸನಸಭೆ, ಬಿಟ್ಟುಹೋಗುವ ಮನೆಗಳನ್ನು ಮೊಳೆಗಾಗಿ ಸುಡಬಾರದು ಎಂದು ನಿಷೇಧ ಹೇರಿ, ಬದಲಿಗೆ ಆ ಮನೆಯಲ್ಲಿ ಎಷ್ಟು ಮೊಳೆಗಳಿದ್ದವೆಂದು ಅಂದಾಜಾಗುತ್ತದೋ ಅಷ್ಟನ್ನು ಕೊಡುವುದಾಗಿ ಹೇಳಿತು. ಕಮ್ಮಾರ ಒಂದೊಂದಾಗಿ ಬಡಿದ ಮೊಳೆ ಅಷ್ಟು ದುಬಾರಿ. ಮೊಳೆ ಬೇಡದ ನಾಲಿಗೆ-ಕುಳಿಯ ಬೆಲೆ ಆಗ ಗೊತ್ತಾಗುತ್ತದೆ.

1700ರ ನಂತರ ಗಾಳಿ ಬದಲಾಯಿತು. ಮೇಲೆ ಕೆಳಗೆ ಜಾರುವ ಕಿಟಕಿಗಳು ಬಂದವು, ಮುಖದಲ್ಲಿ ಸಮತೋಲ ಬಂತು, ಹೊಗೆಗೂಡು ಎರಡಾಗಿ ಒಡೆದು ನಡುವೆ ನೇರ ಓಣಿ ತೆರೆಯಿತು, ತೊಲೆಗಳನ್ನು ನಾಚಿಕೆಯ ವಸ್ತುವಿನಂತೆ ಗಾರೆಯ ಚಾವಣಿಯ ಹಿಂದೆ ಮುಚ್ಚಿದರು.

ಮುಚ್ಚಿದ ತೊಲೆಗಳನ್ನು ಇತ್ತೀಚಿನ ದಶಕಗಳಲ್ಲಿ ಮತ್ತೆ ಕೇಳುತ್ತಿದ್ದಾರೆ. ಪೆನ್ಸಿಲ್ ದಪ್ಪದ ಕೊಳವೆಯಂಥ ಬೈರಿಗೆಯಿಂದ ತೊಲೆಯ ತಿರುಳಿನ ಒಂದು ಕಡ್ಡಿ ತೆಗೆದು, ಅದರ ವಾರ್ಷಿಕ ಉಂಗುರಗಳ ಅಗಲ ಕಿರಿದನ್ನು ಆ ಪ್ರದೇಶದ ಮಳೆ ಬರಗಳ ದಾಖಲೆಯಾದ ಉಂಗುರಮಾಲೆಗೆ ತಾಳೆ ಹಾಕುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಉರುಳಿದ ವರ್ಷವೇ ಸಿಗುತ್ತದೆ. ವರ್ಜೀನಿಯಾದ ಥರೋಗುಡ್ ಮನೆಯನ್ನು 1630ರ ದಶಕದ್ದೆಂದು ಬಹುಕಾಲ ನಂಬಿದ್ದರು. ಈಗ ಅದನ್ನು ಸುಮಾರು 1719ರದೆಂದು ಎಣಿಸುತ್ತಾರೆ. ಮ್ಯಾಸಚೂಸೆಟ್ಸ್‌ನ ಡೆಡಮ್‌ನಲ್ಲಿ ಫೇರ್‌ಬ್ಯಾಂಕ್ಸ್ ಮನೆಗೆ ಇದೇ ಪರೀಕ್ಷೆ ನಡೆದಾಗ, ಅದರ ಓಕ್ ಮರಗಳು 1637ರಿಂದ 1641ರ ನಡುವೆ ಉರುಳಿದವೆಂದು ತೊಲೆಗಳು ಹೇಳಿದವು. ಉತ್ತರ ಅಮೆರಿಕದಲ್ಲಿ ಇಂದು ನಿಂತಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅತಿ ಹಳೆಯದು ಅದೇ ಎನ್ನುತ್ತಾರೆ. 20ನೇ ಶತಮಾನದ ಆರಂಭದವರೆಗೂ ಕಟ್ಟಿದವನ ಮನೆತನದವರೇ ಅಲ್ಲಿ ಬಾಳಿದರು. ಮಾಡಿನ ಬೆನ್ನು ಮುದಿ ಎತ್ತಿನಂತೆ ನಡುವೆ ಜಗ್ಗಿದೆ, ಹಿಂದಿನ ಇಳಿಮಾಡು ನೆಲದತ್ತ ಬಾಗಿದೆ, ಹೊಗೆಗೂಡು ನಡುವೆಯೇ ನಿಂತಿದೆ.